ಅತ್ತೆ ಬಾಟಲಿ, ಸೊಸೆ ಬಾಟಲಿ

ಗುರುವಾರ, ಬೆಳಗಿನ ಹೊತ್ತು

ನನ್ನ ಚೂಟಿಗೆ,

ನಿನ್ನ ಅತ್ತೆ ಮನಸಾರೆ ನೆನೆಯುತ್ತಾ ಬರೆಯುವ ಕಾಗದ. ಇಲ್ಲಿ ನಾವಿಬ್ಬರೂ ಒಂದು ಮಟ್ಟಿಗೆ ಚೆನ್ನಾಗಿದ್ದೇವೆ. ಅಲ್ಲಿ ನೀನೂ, ನಿನ್ನ ಹೊಟ್ಟೆಯಲ್ಲಿರುವ ಪುಟ್ಟ ದೊರೆಯೋ ದೊರೆಸಾನಿಯೋ, ಬೀಗಿತ್ತಿಯವರೂ ಆರಾಮವಾಗಿದ್ದೀರಿ ಎಂದು ನಂಬಿದ್ದೇನೆ. ನೀನು ಕಳಿಸಿದ ಮೆಸೇಜುಗಳಿಗೆಲ್ಲ ಉತ್ತರ ಕೊಡದೆ ಸತಾಯಿಸಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಒಂದು ಸಾಲಿನಲ್ಲಿ ಹೇಳಿ ಮುಗಿಸುವಂಥ ಉತ್ತರ ನನ್ನ ಹತ್ತಿರ ಇರಲಿಲ್ಲ.

"ಸೋಮವಾರ ಕಣ್ಣು ಮಿಟುಕಿಸೋಕೆ ಯಾಕೆ ಕರೀಲಿಲ್ಲ ಅತ್ತೆ?" ಎಂದು ಕೇಳಿದ್ದೀಯ. ಆಮೇಲೆ, "ಫೋನ್ ಮಾಡಿದ್ರೂ ಎತ್ತಲ್ಲ, ನನ್ನ ಮೇಲೆ ಕೋಪಾನಾ?" ಎಂದೂ ಕೇಳಿದ್ದೀಯ. ಕೋಪವೂ ಇಲ್ಲ, ಗೀಪವೂ ಇಲ್ಲ. ಸ್ವಲ್ಪ ದಿನ ಮಾತಾಡಲೇಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ. ನನ್ನ ಬಾಯಿಗೆ ಬೀಗ ಹಾಕುವವರು ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂದು ನಿನ್ನ ಗಂಡ ಹೇಳುತ್ತಿದ್ದನಲ್ಲ, ಹುಟ್ಟಿದ್ದಾರೆ, ಕನ್ನಡಕ ಹಾಕಿಕೊಂಡಿದ್ದಾರೆ. ಅವನು ನಿನಗೆ "ಅಮ್ಮನಿಗೆ ನೆಗಡಿ" ಎಂದು ಹೇಳಿದ್ದಾನಂತೆ. ಅದು ನೆಗಡಿಯಲ್ಲ. ನಿಧಾನವಾಗಿ ಹೇಳುತ್ತೇನೆ. ಗಾಬರಿಯಾಗಬೇಡ, ಕೂತುಕೊಂಡು ಓದು, ಬೆನ್ನಿಗೆ ದಿಂಬು ಕೊಟ್ಟುಕೋ.

ಫೋನಿನಲ್ಲಿ ಟೈಪು ಮಾಡೋಣವೆಂದರೆ ನನ್ನ ಬೆರಳಿಗೆ ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತವೆ. ಅದಕ್ಕೆ ಪಕ್ಕದ ಮನೆಯ ಟೈಲರಮ್ಮ ಅಳತೆ ಬರೆದುಕೊಳ್ಳುವ ಪುಸ್ತಕದಿಂದ ಹಾಳೆ ಕಿತ್ತು ಕೊಟ್ಟಿದ್ದಾರೆ. ಹಿಂಬದಿಯಲ್ಲಿ ಯಾರದಾದರೂ ಸೊಂಟದ ಸುತ್ತಳತೆ ಕಂಡರೆ ಕಣ್ಣು ಮುಚ್ಚಿಕೊಂಡು ಮುಂದಿನ ಪುಟಕ್ಕೆ ಹೋಗು.

ಮೊದಲು ನಿನ್ನ ಗಂಡನ ಸುದ್ದಿ. ಇಲ್ಲದಿದ್ದರೆ ನೀನು ಅದನ್ನೇ ಹುಡುಕುತ್ತಾ ಸಾಲುಗಳನ್ನು ಹಾರಿಸುತ್ತೀಯ. ಹೊಟ್ಟೆಗೆ ತಿನ್ನುತ್ತಿದ್ದಾನೆ, ನಿದ್ದೆ ಸಾಲದು. ಪಾರ್ಸೆಲ್ ಹಂಚಿ ಹಂಚಿ ಬೈಕಿನ ಸೀಟಿಗೂ ಅವನಿಗೂ ವ್ಯತ್ಯಾಸ ಉಳಿದಿಲ್ಲ. ಅವನ ಒಂದು ಕೆಟ್ಟ ಚಾಳಿಯನ್ನು ನೀನು ಬಂದ ಮೇಲೆ ಬಿಡಿಸಬೇಕು. ನಾನು ಬೆಳಿಗ್ಗೆ ತುಂಬಿಸಿ ಕೊಟ್ಟ ನೀರಿನ ಬಾಟಲಿ ಸಂಜೆ ಹಾಗೇ ತುಂಬಿಕೊಂಡು ಮನೆಗೆ ಬರುತ್ತದೆ. ಕೇಳಿದರೆ, "ಕುಡಿದ್ರೆ ಹೋಗ್ಬೇಕಲ್ಲಮ್ಮ, ಎಲ್ಲಿಗೆ ಹೋಗ್ಲಿ?" ಎನ್ನುತ್ತಾನೆ. ದಿನವಿಡೀ ಊರವರ ಬಾಗಿಲು ತಟ್ಟುವವನಿಗೆ ಒಂದು ಬಾಗಿಲೂ ತೆರೆಯುವುದಿಲ್ಲ. ಅವನ ತಾಯಿಯದು ಇನ್ನೂ ಚೆಂದ. ಮನೆಮನೆಯ ಬಾತ್‌ರೂಮ್ ತಿಕ್ಕಿ ಫಳಫಳ ಮಾಡುವವಳು ತನ್ನ ಪಾಡಿಗೆ ಬಸ್ ನಿಲ್ದಾಣದ ಶೌಚಾಲಯ ಹುಡುಕಿಕೊಂಡು ಹೋಗಬೇಕು. "ನಮ್ಮದನ್ನ ಉಪಯೋಗಿಸ್ಬೇಡಿ, ಕೆಳಗಡೆ ಸೆಕ್ಯೂರಿಟಿಯವರದ್ದು ಇರುತ್ತೆ" ಎಂದು ನಿನಗೂ ಹೇಳಿದ್ದರಲ್ಲ, ನನಗೂ ಹೇಳಿದರು. ತೊಳೆಯುವಾಗ ಅದು ನಮ್ಮದು, ತೊಳೆದ ಮೇಲೆ ಅವರದು. ಈಗ ಅವನಿಗೆ ಬಲಪಕ್ಕೆಯಲ್ಲಿ ಚುಚ್ಚಿದ ಹಾಗೆ ನೋವು ಬರುತ್ತಿದೆ. ಕಲ್ಲು ಇರಬಹುದು, ಹೋಗಿ ತೋರಿಸಿಕೋ ಎಂದರೆ "ಟೈಮ್ ಸಿಕ್ಕಾಗ" ಎನ್ನುತ್ತಾನೆ. ಆ ಕಲ್ಲು ಟೈಮ್ ನೋಡಿಕೊಂಡು ಬರುತ್ತದೆಯೇ?

ನಿನ್ನ ವಿಷಯಕ್ಕೆ ಬರುತ್ತೇನೆ. ಬೀಗಿತ್ತಿಯವರು ನನ್ನ ಮಗನಿಗೆ ಫೋನ್ ಮಾಡಿದ್ದರು. "ಡಾಕ್ಟರು ಈಗ ಓಡಾಡು ಅಂತಾರೆ, ಇವಳು ಮಂಚ ಬಿಟ್ಟು ಬಾಗಿಲ ತನಕ ಬರಲ್ಲ, ಸ್ನಾನಕ್ಕೆ ಹೋಗೋಕೂ ನನ್ನ ಕೈ ಹಿಡ್ಕೋತಾಳೆ" ಎಂದರಂತೆ. ಮೊದಲ ತಿಂಗಳುಗಳಲ್ಲಿ ಮಲಗಿರು ಎಂದರು, ಮಲಗಿದೆ. ಸರಿ. ಈಗ ಏಳು ಎನ್ನುತ್ತಿದ್ದಾರೆ. ನನ್ನ ಚೂಟಿ ಹಾಗೆ ಗೋಡೆ ಹಿಡಿದುಕೊಂಡು ಕೂತಿದ್ದಾಳೆ ಎಂದು ಕೇಳಿ ನನಗೆ ತುಂಬ ಸಂಕಟವಾಯಿತು. ಇಲ್ಲಿದ್ದಾಗ ಮೆಟ್ಟಿಲನ್ನು ಎರಡೆರಡು ಹಾರಿಸಿ ಇಳಿಯುತ್ತಿದ್ದವಳು ನೀನು. ಆಗೆಲ್ಲ ನಾನು ಬಯ್ಯುತ್ತಿದ್ದೆ. ಈಗ ಆ ಸದ್ದು ಕೇಳಬೇಕು ಎನ್ನಿಸುತ್ತದೆ.

ಇನ್ನು ಮುಖ್ಯ ವಿಷಯ. ನಾನು ನೀನಾಗಿ ಕೆಲಸಕ್ಕೆ ಹೋಗಲು ಶುರು ಮಾಡಿದಾಗ ನಾವು ಎಷ್ಟು ನಕ್ಕಿದ್ದೆವು ನೆನಪಿದೆಯೇ? ಆ್ಯಪಿನಲ್ಲಿ ಕರೆದವರ ಮನೆಗೆ ಬಾತ್‌ರೂಮ್ ತೊಳೆಯುವವರನ್ನು ಕಳಿಸುವ ಆ ಕಂಪನಿಯವರು ನನ್ನ ವಯಸ್ಸಿನವರನ್ನು ಸೇರಿಸಿಕೊಳ್ಳುವುದಿಲ್ಲ. ನಿನ್ನ ಐಡಿಯನ್ನು ಸುಮ್ಮನೆ ಮಲಗಿಸಿದರೆ ಗಿರಾಕಿಗಳು ಕೊಟ್ಟ ನಕ್ಷತ್ರಗಳೆಲ್ಲ ಉದುರಿ ಅದು ಪಾತಾಳಕ್ಕೆ ಹೋಗುತ್ತದೆ, ಆಮೇಲೆ ಮೇಲೆ ತರಲು ಮತ್ತೆ ವರ್ಷಗಟ್ಟಲೆ ತಿಕ್ಕಬೇಕು. "ಮಗು ಆದ ಮೇಲೆ ನಾನು ವಾಪಸ್ ಬರೋವರೆಗೂ ನೀವು ನಾನಾಗಿರಿ ಅತ್ತೆ, ನಿಮಗೆ ತಿಕ್ಕೋದು ಹೊಸದಾ?" ಎಂದು ನೀನೇ ಹೇಳಿದೆ. ಬ್ಯಾಗು ಕೊಟ್ಟೆ, ಅಂಗಿ ಕೊಟ್ಟೆ, ಹೆಸರೂ ಕೊಟ್ಟೆ. ಸೋಮವಾರ ಸೋಮವಾರ ಆ್ಯಪ್ ಮುಖ ಕೇಳಿದಾಗ ನಿನ್ನ ಗಂಡ ಒಂದು ಫೋನಿನಲ್ಲಿ ನಿನಗೆ ವಿಡಿಯೋ ಕರೆ ಮಾಡಿ ಇನ್ನೊಂದು ಫೋನಿನ ಮುಂದೆ ಹಿಡಿಯುತ್ತಿದ್ದ. "ಕಣ್ಣು ಮಿಟುಕಿಸಿ" ಎಂದು ಅದು ಹೇಳುತ್ತಿತ್ತು, ನೀನು ಅಲ್ಲಿ ಮಲಗಿದಲ್ಲೇ ಮಿಟುಕಿಸುತ್ತಿದ್ದೆ, ನನಗೆ ಇಲ್ಲಿ ಕೆಲಸ ಸಿಗುತ್ತಿತ್ತು.

ಜನರು ಬಾಗಿಲು ತೆರೆದು ಫೋನಿನಲ್ಲಿರುವ ನಿನ್ನ ಫೋಟೋ ನೋಡುವರು, ನನ್ನನ್ನು ನೋಡುವರು. ಒಬ್ಬಾಕೆ, "ಫೋಟೋದಲ್ಲಿ ತುಂಬಾ ಚಿಕ್ಕೋರ ಥರ ಕಾಣ್ತೀರಿ" ಎಂದರು. "ಈ ಕೆಲಸ ಹಾಗಿದೆ ಮೇಡಂ, ಬೇಗ ಹಣ್ಣು ಮಾಡುತ್ತೆ" ಎಂದೆ. ಅವರು ಪಾಪ ನಂಬಿಬಿಟ್ಟರು. ಮೊದಮೊದಲು ನಿನ್ನ ಹೆಸರು ಕರೆದರೆ ನಾನು ತಿರುಗುತ್ತಲೇ ಇರಲಿಲ್ಲ. ಆಮೇಲೆ ಎಷ್ಟು ಒಗ್ಗಿಹೋಯಿತೆಂದರೆ, ಟೈಲರಮ್ಮ ನಿನ್ನ ಹೆಸರು ಹೇಳಿ ನಿನ್ನ ಆರೋಗ್ಯ ಕೇಳಿದಾಗ "ಮಂಡಿ ನೋವು ಬಿಟ್ಟರೆ ಏನೂ ಇಲ್ಲ" ಎಂದುಬಿಟ್ಟೆ.

ಆಸಿಡ್ ಬಾಟಲಿಗೆ ಅತ್ತೆ, ಬ್ಲೀಚ್ ಬಾಟಲಿಗೆ ಸೊಸೆ ಎಂದು ಹೆಸರಿಟ್ಟವಳು ನೀನು. ಕಂಪನಿಯ ತರಬೇತಿಯಲ್ಲಿ ಪಾಠ ಹೇಳುವ ಹುಡುಗ "ಇವೆರಡನ್ನ ಯಾವ ಕಾರಣಕ್ಕೂ ಸೇರಿಸ್ಬಾರ್ದು" ಎಂದು ಗಂಟೆಗಟ್ಟಲೆ ಕೊರೆಯುತ್ತಿದ್ದಾಗ, "ಸರ್, ಅತ್ತೆ ಸೊಸೆ ಒಂದೇ ಬಕೆಟ್‌ನಲ್ಲಿ ಇರಬಾರ್ದು ಅಂತ ತಾನೇ?" ಎಂದು ನೀನು ಕೇಳಿದ್ದೆಯಂತೆ. ಈಗ ಊರಿನ ಎಲ್ಲ ಕ್ಲೀನಿಂಗ್ ಹೆಂಗಸರೂ ಹಾಗೇ ಕರೆಯುತ್ತಾರೆ. "ಅಕ್ಕಾ, ಅತ್ತೆ ಖಾಲಿಯಾದ್ಲು, ನಿಮ್ಮತ್ರ ಇದ್ರೆ ಸ್ವಲ್ಪ ಕೊಡಿ" ಎಂದು ದಾರಿಯಲ್ಲಿ ಯಾರೋ ಕೇಳಿದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ. ನಾನು ನಿನ್ನ ಪಾಠ ಮರೆತವಳಲ್ಲ. ಅತ್ತೆಯನ್ನು ಬ್ಯಾಗಿನ ಎಡಗಡೆ, ಸೊಸೆಯನ್ನು ಬಲಗಡೆ ಇಡುತ್ತಿದ್ದೆ. ಒಂದನ್ನು ಪೂರ್ತಿ ತೊಳೆದು ಹರಿಸಿದ ಮೇಲೇ ಇನ್ನೊಂದನ್ನು ತೆಗೆಯುತ್ತಿದ್ದೆ. ಆ್ಯಪಿನ ಗಡಿಯಾರ ಎಷ್ಟೇ ಬೊಬ್ಬೆ ಹೊಡೆದರೂ ಆ ಒಂದು ವಿಷಯದಲ್ಲಿ ನಾನು ಅವಸರ ಮಾಡಲಿಲ್ಲ. ಇದನ್ನು ನೀನು ನಂಬಬೇಕು.

ನನಗೆ ಹೀಗಾದ ದಿನ ಹೋದದ್ದು ಒಬ್ಬ ವಯಸ್ಸಾದ ಅಮ್ಮನ ಮನೆಗೆ. ಕೋಲು ಊರಿಕೊಂಡು ನಡೆಯುತ್ತಾರೆ. ಬಾಗಿಲು ತೆರೆದವರೇ "ಬಾಮ್ಮ, ಮೊದಲು ನೀರು ಕುಡಿ" ಎಂದರು. ಈ ಕೆಲಸದಲ್ಲಿ ಅಂಥವರು ಸಿಗುವುದು ಎಷ್ಟು ಅಪರೂಪ ಎಂದು ನಿನಗೆ ಗೊತ್ತು. ಬಾತ್‌ರೂಮ್ ಚಿಕ್ಕದು. ಪಾರಿವಾಳ ಬರುತ್ತವೆಂದು ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಬಡಿದಿದ್ದರು. ಗಾಳಿ ಎಳೆಯುವ ಫ್ಯಾನು ತಿರುಗುವುದನ್ನು ಬಿಟ್ಟು ಎಷ್ಟು ಕಾಲವಾಗಿತ್ತೋ. "ಬಾಗಿಲು ಹಾಕ್ಕೊಂಡು ಮಾಡಮ್ಮ, ವಾಸನೆಗೆ ನನಗೆ ಕೆಮ್ಮು ಬರುತ್ತೆ" ಎಂದರು. ಹಾಕಿಕೊಂಡೆ. ಕಂಪನಿಯವರು ಕೊಟ್ಟ ಆ ಕಾಗದದ ಮಾಸ್ಕ್ ಕಟ್ಟಿಕೊಂಡೆ. ಅದು ಧೂಳನ್ನೇ ತಡೆಯುವುದಿಲ್ಲ. ಎಡಗಡೆಯಿಂದ ಅತ್ತೆಯನ್ನು ತೆಗೆದು ಕಮೋಡಿನ ಸುತ್ತ, ಒಳಗೆ, ನೆಲದ ಮೇಲೆ ಹುಯ್ದೆ.

ಸೊಸೆ ಅಲ್ಲಿ ಮೊದಲೇ ಇದ್ದಳು, ಚೂಟಿ. ನಾನು ಬರುವ ಸ್ವಲ್ಪ ಹೊತ್ತಿಗೆ ಮುಂಚೆ ಆ ಅಮ್ಮ ತಮ್ಮ ಮನೆಯಲ್ಲಿದ್ದ ಬ್ಲೀಚನ್ನು ಒಂದು ಮಗ್ ತುಂಬ ಸುರಿದು ಬಿಟ್ಟಿದ್ದರು. "ಪಾಪ, ವಯಸ್ಸಾದೋಳು ಬರ್ತಾಳೋ ಚಿಕ್ಕೋಳು ಬರ್ತಾಳೋ, ಮೊದಲೇ ನೆನೆಸಿಟ್ರೆ ಅವಳಿಗೆ ತಿಕ್ಕೋದು ಸುಲಭ ಆಗುತ್ತೆ ಅಂತ" ಎಂದು ಆಮೇಲೆ ಅಳುತ್ತಾ ಹೇಳಿದರು. ನನಗೆ ಅನುಕೂಲವಾಗಲಿ ಎಂದು ಮಾಡಿದ ಕೆಲಸ ಅದು. ಅವರನ್ನು ಏನೆಂದು ಬಯ್ಯಲಿ? ನೆಲ ಒದ್ದೆ ಇತ್ತು, ನಾನು ನೀರು ಎಂದುಕೊಂಡೆ. ಇಂಥ ಮನೆಗಳಲ್ಲಿ ಸದಾ ಬ್ಲೀಚಿನ ವಾಸನೆ ಇದ್ದದ್ದೇ, ನನ್ನ ಮೂಗು ಆ ವಾಸನೆ ಹಿಡಿಯುವುದನ್ನು ಎಂದೋ ಮರೆತಿತ್ತು.

ಹಳದಿಗೂ ಹಸಿರಿಗೂ ನಡುವಿನ ಬಣ್ಣದ ಹೊಗೆ ಎದ್ದಿತು. ಎರಡನೇ ಉಸಿರಿಗೆ ಗಂಟಲು ಯಾರೋ ಹಿಚುಕಿದ ಹಾಗಾಯಿತು. ಕಣ್ಣಿಗೆ ಖಾರ ಎರಚಿದ ಹಾಗೆ. ಚಿಲಕ ಕೈಗೆ ಸಿಗಲಿಲ್ಲ, ಸಿಕ್ಕಿದ ಮೇಲೆ ಜಾರಲಿಲ್ಲ, ಕಂಪನಿಯ ದೊಗಲೆ ಗ್ಲೌಸಿನಲ್ಲಿ ಬೆರಳು ಬೆರಳಿನ ಜಾಗದಲ್ಲಿ ಇರಲಿಲ್ಲ. ನನಗೆ ಆಗ ಹೆದರಿಕೆಯಾಯಿತು. ಸುಳ್ಳು ಹೇಳುವುದಿಲ್ಲ, ತುಂಬ ಹೆದರಿಕೆಯಾಯಿತು. ಪರರ ಬಚ್ಚಲಿನಲ್ಲಿ, ಪರರ ಹೆಸರಿನಲ್ಲಿ ಸಾಯುತ್ತೇನೆ ಎನ್ನಿಸಿತು. ಹೇಗೋ ಹಲ್ಲಿನಿಂದ ಗ್ಲೌಸ್ ಎಳೆದು ಹಾಕಿ ಚಿಲಕ ತೆಗೆದು ತೆವಳಿಕೊಂಡು ಹಜಾರಕ್ಕೆ ಬಂದು ಬಿದ್ದೆ.

ಆ ಅಮ್ಮ ಕೋಲು ಬಿಸಾಡಿ ಕಿಟಕಿಗಳನ್ನೆಲ್ಲ ತೆರೆದರು. ನನ್ನ ಫೋನು ಅಷ್ಟು ಹೊತ್ತೂ "ಸಮಯ ಮೀರುತ್ತಿದೆ, ಹೆಚ್ಚುವರಿ ಸಮಯ ಬೇಕೇ?" ಎಂದು ಕುಯ್ಯೋ ಮುರ್ರೋ ಎನ್ನುತ್ತಿತ್ತು. ಅದರಲ್ಲಿ ಕೆಂಪು ಬಣ್ಣದ ಸುರಕ್ಷತೆ ಗುಂಡಿ ಇದೆಯಲ್ಲ, ಅದನ್ನು ಆ ಅಮ್ಮನ ಕೈಯಲ್ಲಿ ಒತ್ತಿಸಿದೆ. ಒತ್ತಿದರೆ ಅದು ಏನು ಕೇಳಿತು ಗೊತ್ತೇ? "ನಿಮ್ಮ ಗುರುತು ಖಚಿತಪಡಿಸಲು ಕಣ್ಣು ಮಿಟುಕಿಸಿ." ಕಣ್ಣು ಬಿಡಲಾಗದೆ ಒದ್ದಾಡುವವಳಿಗೆ ಕಣ್ಣು ಮಿಟುಕಿಸು ಎನ್ನುತ್ತದೆ. ಬಿಟ್ಟಿದ್ದರೂ ಅದು ನಿನ್ನ ಕಣ್ಣಲ್ಲವಲ್ಲ. ಆ ಅಮ್ಮ ಅದನ್ನು ಬದಿಗೆ ಎಸೆದು ಕೆಳಗಿನ ಸೆಕ್ಯೂರಿಟಿಯವನನ್ನು ಕೂಗಿದರು. ಅವನೇ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದ, ಅವನೇ ನನ್ನ ಮಗನಿಗೆ ಫೋನ್ ಮಾಡಿದ.

ಕೈ ನೋಯುತ್ತಿದೆ. ಊಟದ ಹೊತ್ತೂ ಆಯಿತು. ಉಳಿದದ್ದನ್ನು ನಾಳೆ ಬರೆಯುತ್ತೇನೆ.

ಶುಕ್ರವಾರ

ನಿನ್ನೆ ಬರೆದದ್ದನ್ನು ಇವತ್ತು ಓದಿದೆ. ಹರಿದು ಹಾಕೋಣ ಎನ್ನಿಸಿತು, ಹೊಟ್ಟೆಯಲ್ಲಿ ಮಗುವಿರುವವಳಿಗೆ ಇದನ್ನೆಲ್ಲ ಯಾಕೆ ಹೇಳಬೇಕು ಎಂದು. ಆದರೆ ನಿನಗೆ ಸುಳ್ಳು ಹೇಳಿದರೆ ನೀನು ಅದಕ್ಕಿಂತ ದೊಡ್ಡದನ್ನು ಊಹಿಸಿಕೊಳ್ಳುತ್ತೀಯ. ನಿನ್ನ ತಲೆ ನನಗೆ ಗೊತ್ತಿಲ್ಲವೇ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ನಾನು ಮನೆಗೆ ಬಂದಿದ್ದೇನೆ, ನನ್ನ ಮಂಚದಲ್ಲೇ ಕೂತು ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ನಿನ್ನ ಗಂಡ ಗಡಿಬಿಡಿಯಲ್ಲಿ ರೋಗಿಯ ಹೆಸರು ಎಂದು ಕೇಳಿದ ಕಡೆ ನಿನ್ನ ಹೆಸರು ಬರೆಸಿದ, ನಿನ್ನ ವಯಸ್ಸು ಬರೆಸಿದ. ಕಂಪನಿಯ ವಿಮೆ ನಿನ್ನ ಹೆಸರಿನಲ್ಲಿ ತಾನೇ ಇರುವುದು, ಪೆಟ್ಟಾದದ್ದು ನಿನಗೇ ಆಗಿದ್ದರೆ ಮಾತ್ರ ಅದು ಬಾಯಿ ಬಿಡುತ್ತದೆ. ಕನ್ನಡಕದ ಡಾಕ್ಟರು ಕಾಗದ ನೋಡಿದರು, ನನ್ನ ತಲೆಯ ಬಿಳಿಕೂದಲು ನೋಡಿದರು. "ವಯಸ್ಸು ಇದೇನಾ?" ಎಂದರು. ನಿನ್ನ ಗಂಡ ನೆಲ ನೋಡಿದ. ನನಗೆ ಮೂಗಿನ ಮೇಲೆ ಆಕ್ಸಿಜನ್ನಿನ ಮಾಸ್ಕ್, ನಾನು ಸುಮ್ಮನೆ ತಲೆ ಆಡಿಸಿದೆ. ಡಾಕ್ಟರು ಕಾಗದ ಬದಿಗಿಟ್ಟು ನನ್ನ ಗಂಟಲು ನೋಡಲು ಬಾಗಿದರು.

ನನ್ನ ಗಂಟಲು ಒಳಗೆ ಸುಟ್ಟಿದೆಯಂತೆ. ಅದು ಮಾಯುತ್ತದೆ, ಧ್ವನಿ ಬರುತ್ತದೆ, ಆದರೆ ಮೊದಲಿನದೇ ಬರುತ್ತದೆ ಎಂದು ಹೇಳಲಾರರಂತೆ. ಶ್ವಾಸಕೋಶಕ್ಕೆ ಇನ್ನೂ ಸಮಯ ಬೇಕು. ನಮ್ಮ ಮನೆಯ ಮೆಟ್ಟಿಲಿನಲ್ಲಿ ಈಗ ನಡುವೆ ಒಮ್ಮೆ ಕೂತು ಹತ್ತುತ್ತೇನೆ. ಕೂತಾಗ ಕೆಳಗಿನ ಮನೆಯ ಹುಳುಕುಗಳೆಲ್ಲ ಕಿವಿಗೆ ಬೀಳುತ್ತವೆ, ನಷ್ಟವೇನಿಲ್ಲ. "ಈ ವಾಸನೆಗಳ ಹತ್ತಿರ ಇನ್ನು ಸುಳಿಯಬೇಡಿ" ಎಂದಿದ್ದಾರೆ.

ಈಗ ನೀನು ಸಿಟ್ಟಾಗುವ ಸುದ್ದಿ. ನಿನ್ನ ಐಡಿ ಹೋಯಿತು, ಚೂಟಿ.

ಆದದ್ದು ಹೀಗೆ. ನಾನು ಆಸ್ಪತ್ರೆಯಲ್ಲಿದ್ದಾಗ ಕಂಪನಿಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಜೇನಿನಂಥ ಮಾತು. ನಿನ್ನ ಹೆಸರು ಹಿಡಿದು, "ಮೇಡಂ, ನಿಮಗೆ ಹೀಗಾಗಿದ್ದಕ್ಕೆ ನಮಗೆ ಬಹಳ ಬೇಜಾರಾಗಿದೆ, ನೀವು ನಮ್ಮ ಪಾಲುದಾರರು. ವಿಮೆಗೆ ನಿಮ್ಮ ಮುಖ ಒಂದು ಸಲ ತೋರಿಸಿ ಕಣ್ಣು ಮಿಟುಕಿಸಿದ್ರೆ ಸಾಕು" ಎಂದಳು. ಪಾಲುದಾರರಂತೆ. ನಮ್ಮ ಪಾಲಿಗೆ ಬಂದದ್ದು ಹೊಗೆ ಮಾತ್ರ. ನಿನ್ನ ಗಂಡ ತಕ್ಷಣ ಇನ್ನೊಂದು ಫೋನ್ ತೆಗೆದ. "ಅವಳಿಗೆ ವಿಡಿಯೋ ಮಾಡ್ತೀನಿ, ಏನೂ ಹೇಳಲ್ಲ, ಸೋಮವಾರದ್ದು ಅಂತೀನಿ, ಮಿಟುಕಿಸ್ಲಿ" ಎಂದ.

ಬೇಡ ಎಂದು ಕೈಸನ್ನೆ ಮಾಡಿದೆ. ಅವನು ಕೇಳಲಿಲ್ಲ. "ಅಮ್ಮ, ಆಸ್ಪತ್ರೆ ಖರ್ಚು ಹೇಗಮ್ಮ ತುಂಬ್ಲಿ? ಅವಳ ಐಡಿ ಉಳೀಬೇಕು, ವಿಮೆನೂ ಬರ್ಬೇಕು ಅಂದ್ರೆ ಇದೊಂದೇ ದಾರಿ" ಎಂದ. ಅವನ ಕಣ್ಣಲ್ಲಿ ನೀರಿತ್ತು. ನಾನು ಆ ಫೋನನ್ನು ಅವನ ಕೈಯಿಂದ ಕಿತ್ತುಕೊಂಡೆ. ಮಾಸ್ಕ್ ತೆಗೆದೆ. ಆ್ಯಪಿನ ಮುಂದೆ ನನ್ನ ಮುಖವನ್ನೇ ಹಿಡಿದೆ. ಇದೇ ಮುಖ, ಇದೇ ಬಿಳಿಕೂದಲು, ಕೆಂಡದ ಹಾಗೆ ಕೆಂಪಾದ ಇದೇ ಕಣ್ಣು. ಅದು ಮಿಟುಕಿಸಿ ಎಂದಿತು, ಮಿಟುಕಿಸಿದೆ. ಮತ್ತೆ ಎಂದಿತು, ಮತ್ತೆ ಮಿಟುಕಿಸಿದೆ. ಸ್ವಲ್ಪ ಹೊತ್ತು ಚಕ್ರ ತಿರುಗಿತು. "ನಿಯಮ ಉಲ್ಲಂಘನೆ, ನಿಮ್ಮ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ" ಎಂದು ಬಂತು.

ಕೈ ತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದ್ದು. ನೀನು ಮನೆಮನೆ ಅಲೆದು, ಬೈಸಿಕೊಂಡು, ಜ್ವರದಲ್ಲೂ ಹೋಗಿ, ಒಂದೊಂದೇ ನಕ್ಷತ್ರ ಕೂಡಿಸಿ ಕಟ್ಟಿದ ಐಡಿ ಅದು. ಮಗುವಾಗಿ ಕೆಲವು ವಾರಕ್ಕೇ ವಾಪಸ್ ಬಂದು ಅದೇ ಬ್ಯಾಗು ಎತ್ತುತ್ತೇನೆ ಎಂದು ನೀನು ಲೆಕ್ಕ ಹಾಕಿಕೊಂಡು ಕೂತಿದ್ದೆ. ಅದನ್ನು ನಿನ್ನನ್ನು ಒಂದು ಮಾತೂ ಕೇಳದೆ ಮುಗಿಸಿಬಿಟ್ಟೆ. ನಿನ್ನ ಗಂಡ ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದ. ನನಗಂತೂ ಮಾತಾಡಬಾರದು ಎಂದೇ ಅಪ್ಪಣೆ, ಹಾಗಾಗಿ ಮನೆ ಬಹಳ ಶಾಂತವಾಗಿತ್ತು. ಆಮೇಲೆ ಅವನೇ ಬಿಸಿನೀರು ಕಾಯಿಸಿ ತಂದು, "ಕುಡೀರಿ ಮಹಾರಾಣಿ" ಎಂದ.

ಯಾಕೆ ಹೀಗೆ ಮಾಡಿದೆ ಎಂದು ಅವನು ಕೇಳಿದಾಗ "ಸಿಟ್ಟು ಬಂತು, ಮಾಡಿದೆ" ಎಂದು ಬರೆದು ತೋರಿಸಿದೆ. ನಿನಗೂ ಸದ್ಯಕ್ಕೆ ಅಷ್ಟೇ ಎಂದುಕೋ. ಬಯ್ಯುವುದಿದ್ದರೆ ಬಯ್ಯಿ, ಉದ್ದವಾಗಿ ಬಯ್ಯಿ. ನಾನು ಈಗ ತಿರುಗಿ ಬಯ್ಯಲಾರೆ, ಇಂಥ ಅವಕಾಶ ಯಾವ ಸೊಸೆಗೂ ಸಿಗುವುದಿಲ್ಲ.

ಮನೆಗೆ ಬರುವ ದಿನ ಡಾಕ್ಟರಿಗೆ ಹೇಳಿ ಆಸ್ಪತ್ರೆಯ ಕಾಗದಗಳಲ್ಲೆಲ್ಲ ನನ್ನ ಹೆಸರು ಹಾಕಿಸಿದ್ದೇನೆ. ಸುಟ್ಟ ಶ್ವಾಸಕೋಶ ನಿನ್ನ ಹೆಸರಿನಲ್ಲಿ ಇರಬಾರದು. ಖರ್ಚಿನ ಚಿಂತೆ ನಿನಗೆ ಬೇಡ. ಟೈಲರಮ್ಮ ಗುಂಡಿ ಹೊಲಿಯುವ, ಅಂಚು ಮಡಿಸುವ ಕೆಲಸ ಕೊಡುತ್ತೇನೆ ಎಂದಿದ್ದಾರೆ. ಕೂತು ಮಾಡುವ ಕೆಲಸ, ಕಿಟಕಿಯ ಪಕ್ಕ. ಅವರಿಗೆ ನನ್ನ ಮುಖ ಗೊತ್ತು, ಮಿಟುಕಿಸಿ ತೋರಿಸಬೇಕಾಗಿಲ್ಲ. ನೀನು ಬಂದ ಮೇಲೆ ನಿನಗೆ ಏನು ಎಂಬುದನ್ನು ಮೂವರೂ ಕೂತು ಯೋಚಿಸೋಣ. ಆ ಬ್ಯಾಗನ್ನು ಮಾತ್ರ ನೀನು ಮತ್ತೆ ಎತ್ತುವುದು ಬೇಡ. ಇದು ಅಪ್ಪಣೆಯಲ್ಲ, ಬೇಡಿಕೊಳ್ಳುತ್ತಿದ್ದೇನೆ.

ಬೀಗಿತ್ತಿಯವರಿಗೆ ನನ್ನ ನಮಸ್ಕಾರ ತಿಳಿಸು. ಅವರು ನಿನ್ನನ್ನು ನೋಡಿಕೊಳ್ಳುತ್ತಿರುವುದಕ್ಕೆ ನಾನು ಎಷ್ಟು ಋಣಿ ಎಂದು ಹೇಳಲು ನನಗೆ ಮಾತು ಬರುವುದಿಲ್ಲ, ಬಂದರೂ ಡಾಕ್ಟರು ಬಿಡುವುದಿಲ್ಲ. ನಿನಗೆ ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ, ಎದೆ ತುಂಬ ಒಳ್ಳೆಯ ಗಾಳಿ ಸಿಗಲಿ. ಹುಟ್ಟುವುದು ನಿನ್ನಷ್ಟೇ ಚೂಟಿಯಾಗಿ, ನನ್ನಷ್ಟೇ ಬಾಯಾಳಿಯಾಗಿ ಹುಟ್ಟಲಿ.

ಇಂತಿ,
ಬಾಯಿಗೆ ಬೀಗ ಬಿದ್ದಿರುವ
ನಿನ್ನ ಅತ್ತೆ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಸಿಟ್ಟು ಬಂತು ಎಂದು ಬರೆದೆನಲ್ಲ, ಅದು ಬಂದದ್ದು ಕಂಪನಿಯ ಆ ಹುಡುಗಿಯ ಮಾತಿಗಲ್ಲ. ಅವಳು ಫೋನ್ ಮಾಡಿದ ದಿನ ಬೆಳಿಗ್ಗೆ ಒಬ್ಬ ನರ್ಸಮ್ಮ ಬಂದಿದ್ದರು. ಹಾಳೆಯಲ್ಲಿ ನಿನ್ನ ಹೆಸರು, ನಿನ್ನ ವಯಸ್ಸು ನೋಡಿಕೊಂಡು, ತಲೆ ಎತ್ತದೆ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದರು. ನಾನು ಪಿಸುಗುಟ್ಟಿ ಉತ್ತರ ಹೇಳುತ್ತಿದ್ದೆ, ನೀನಾಗಿ. "ಹಿಂದೆ ಬಸುರಿ ಆಗಿದ್ರಾ?" ಎಂದರು. ಆಗಿದ್ದೆ ಎಂದೆ. "ಮಗು?" ಎಂದರು. ಉಳೀಲಿಲ್ಲ ಎಂದೆ. "ಆಗಲೂ ಇದೇ ಕೆಲಸಕ್ಕೆ ಹೋಗ್ತಿದ್ರಾ? ಬಾಗಿಲು ಹಾಕ್ಕೊಂಡು, ಇದೇ ಬಾಟಲಿಗಳ ಜೊತೆ?" ಎಂದರು. ಹೋಗ್ತಿದ್ದೆ, ತಲೆ ಸುತ್ತುತ್ತಿತ್ತು, ಮಧ್ಯದಲ್ಲಿ ಬಿಟ್ಟು ಬಂದ್ರೆ ನಕ್ಷತ್ರ ಕಳೀತಾರೆ ಅಂತ ಮುಗಿಸಿ ಬರ್ತಿದ್ದೆ ಎಂದೆ. ಚೂಟಿ, ಮಗು ಹೋದ ಮೇಲೆ ನಮ್ಮ ಮನೆಯಲ್ಲಿ ನಾವು ಮೂವರೂ ಆ ಮಾತನ್ನು ಒಂದು ದಿನವೂ ಬಾಯಿಗೆ ತರಲಿಲ್ಲ. ನಿನಗೆ ನೋವಾಗಬಾರದು ಎಂದು ನಾವು, ನಮಗೆ ನೋವಾಗಬಾರದು ಎಂದು ನೀನು. ಒಂದೇ ಒಂದು ಸಲ ನೀನು ಬಟ್ಟೆ ಒಣಹಾಕುತ್ತಾ, ನನ್ನ ಕಡೆ ತಿರುಗದೆ, "ಆವತ್ತು ನಾನು ಬಸ್ಸಿಗೆ ಓಡಬಾರದಿತ್ತು ಅತ್ತೆ" ಎಂದಿದ್ದೆ. ಅದಕ್ಕೇ ಅಲ್ಲವೇ ನೀನು ಈಗ ಮಂಚ ಬಿಟ್ಟು ಇಳಿಯದಿರುವುದು? ಆ ಮಾತನ್ನೂ ನಾನು ನರ್ಸಮ್ಮನ ಹತ್ತಿರ ಹೇಳಿದೆ. "ನಾನು ಬಸ್ಸಿಗೆ ಓಡ್ದೆ, ಅದಕ್ಕೆ ನನ್ನ ಮಗು ಹೋಯ್ತು" ಎಂದೆ. ಹೇಳುತ್ತಿದ್ದ ಹಾಗೇ ನನಗೆ ಅಳು ಒತ್ತರಿಸಿಕೊಂಡು ಬಂತು, ಅಳುವುದಕ್ಕೆ ಉಸಿರು ಇರಲಿಲ್ಲ. ಅವರು ಪೆನ್ನು ಕೆಳಗಿಟ್ಟು ನನ್ನ ತಲೆಯ ಮೇಲೆ ಕೈ ಇಟ್ಟರು. ಆಗಲೇ ಅವರು ಮೊದಲ ಸಲ ನನ್ನ ಮುಖ ನೋಡಿದ್ದು. ನಾನು ನೀನಲ್ಲ ಎಂದು ಅವರಿಗೆ ಗೊತ್ತಾಯಿತು. ಕೈ ತೆಗೆಯಲಿಲ್ಲ. "ಇದರಿಂದಲೇ ಹೋಯ್ತು ಅಂತ ಖಂಡಿತ ಹೇಳೋಕೆ ಯಾರಿಗೂ ಆಗಲ್ಲಮ್ಮ. ಆದ್ರೆ ಬಸ್ಸಿಗೆ ಓಡಿದ್ರೆ ಮಗು ಹೋಗಲ್ಲ. ಅವರು ಏನೂ ತಪ್ಪು ಮಾಡಿಲ್ಲ, ಹೇಳಿ ಅವರಿಗೆ" ಎಂದರು. ಹೇಳುತ್ತಿದ್ದೇನೆ. ಆ ಮಾತು ನಿನ್ನ ಹೆಸರಿಗೆ ಬಂದದ್ದು, ನಾನು ಇಟ್ಟುಕೊಳ್ಳುವಂಥದ್ದಲ್ಲ. ನೀನು ಏನೂ ತಪ್ಪು ಮಾಡಿಲ್ಲ. ಎದ್ದು ಬಾಗಿಲ ತನಕ ನಡೆ.